ಬೀದಿಯ ಶುಗರೆಲ್ಲ ನನ್ನ ಫೋನಿನಲ್ಲಿ

ಸ್ನೇಹಿತರೇ, ಆಸ್ಪತ್ರೆಯಲ್ಲಿ ಫೋನ್ ನಂಬರ್ ಕೇಳಿದರೆ ಗುರುಪುರದ ನಮ್ಮ ಬೀದಿಯ ಅರ್ಧ ಜನ ನನ್ನದನ್ನೇ ಕೊಡುತ್ತಾರೆ. ಮೆಸೇಜು ಓದಿ ಹೇಳುವವಳು ನಾನಲ್ಲವೇ! ಈಗ ಲ್ಯಾಬನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಜೋಡಿಸಿದ್ದಾರೆ. ರಿಪೋರ್ಟು ಡಾಕ್ಟರಿಗೂ ನನಗೂ ಒಟ್ಟಿಗೇ ಬರುತ್ತದೆ.

ಇವತ್ತು ಪಕ್ಕದ ಮನೆಯ ಕಾಳಮ್ಮನಿಗೆ, "ದೊಡ್ಡವ್ವ, ನಿಮ್ಗೆ ಶುಗರ್ ಜಾಸ್ತಿ ಆಗ್ಯದೆ" ಎಂದೆ.

"ನಮ್ಮನೆಯೋರ್ಗೆ ಯೋಳ್ಬುಟ್ಟೀಯ, ಜ್ವಾಕೆ ಕಣವ್ವ, ಸುಮ್ನೆ ಎದ್ರುಕತಾರೆ" ಎಂದು ಪಿಸುಗುಟ್ಟಿ, ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಕೈಗಿಟ್ಟರು.

ಹೋದ ವಾರ ಅವರ ಯಜಮಾನರಿಗೂ ಶುಗರ್ ಎಂದು ರಿಪೋರ್ಟು ಬಂದಿತ್ತು. "ಅವ್ಳ್ಗೆ ಯೋಳ್ಬ್ಯಾಡ ಕಣವ್ವ, ಅಳ್ತಾ ಕೂತ್ಕತಾಳೆ" ಎಂದು ಅವರು ನನಗೆ ಮೈಸೂರ್‌ಪಾಕಿನ ಪೊಟ್ಟಣ ಕೊಟ್ಟು ಹೋಗಿದ್ದರು.

ಇಬ್ಬರ ಗುಟ್ಟನ್ನೂ ಹೀಗೇ ಕಾಯುತ್ತಿದ್ದರೆ ನನಗೂ ಸಕ್ಕರೆ ಕಾಯಿಲೆ ಖಂಡಿತ. ಆಗ ನಾನು ಯಾರ ನಂಬರ್ ಕೊಡಲಿ?