ಅಕ್ಕನಿಗೊಂದು ಮೂಲೆ

ನಾನು ಚಿಕ್ಕವನಿದ್ದಾಗ ದಿಲ್ಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇದ್ದದ್ದು ಒಂದೇ ಕೋಣೆ, ಪುಟ್ಟ ಅಡುಗೆಮನೆ, ಮುಂದೊಂದು ವರಾಂಡ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅಪ್ಪ, ಅಮ್ಮ, ಅಕ್ಕ, ನಾನು ನಾಲ್ವರೂ ಆ ಕೋಣೆಯಲ್ಲೇ ಉಣ್ಣುತ್ತಿದ್ದೆವು, ಓದುತ್ತಿದ್ದೆವು, ಮಲಗುತ್ತಿದ್ದೆವು. ನನಗೆ ಆಗ ಏಳು ವರ್ಷ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳು ಓದಲು ಕೂತರೆ ಅವಳ ಬೆನ್ನಿಗೆ ಒರಗಿಕೊಂಡು ನಾನು ಬುಗುರಿಗೆ ದಾರ ಸುತ್ತುತ್ತಿದ್ದೆ. ಆ ಬೆನ್ನು ನನ್ನದೇ ಎಂದು ತಿಳಿದಿದ್ದೆ.

ಚಳಿ ಬಿಡುತ್ತಿದ್ದ ಒಂದು ಭಾನುವಾರ. ಅಪ್ಪ ಬಿಸಿಲಿಗೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಅಕ್ಕ ಬಂದು ನಿಂತಳು.

"ಅಪ್ಪ, ಪರೀಕ್ಷೆ ಹತ್ತಿರ ಬಂತು. ನನಗೆ ಓದೋಕೆ ಒಂದು ಮೂಲೆ ಮಾಡಿಕೊಡಿ. ಇವನು ಪಕ್ಕದಲ್ಲಿದ್ರೆ ಒಂದು ಸಾಲೂ ತಲೆಗೆ ಹೋಗಲ್ಲ."

ಬಾಯಲ್ಲಿದ್ದ ಕಿತ್ತಳೆ ತೊಳೆ ಹುಳಿ ಅನ್ನಿಸಿತು.

ಅಪ್ಪ ಮೊದಲು ಕಬ್ಬಿಣದ ಬೀರುವನ್ನು ಕೋಣೆಯ ನಡುವೆ ನಿಲ್ಲಿಸಿ ನೋಡಿದರು. ಪಕ್ಕದ ಮನೆಯ ಸರ್ದಾರ್‌ಜಿ "ಚಲೋ, ಚಲೋ" ಎನ್ನುತ್ತ ಕೈಜೋಡಿಸಿದರು. ಬೀರು ನೆಲವನ್ನು ಕೆರೆಯುತ್ತ ಕರಕರ ಸರಿಯಿತು. ಆದರೆ ಇದ್ದ ಒಂದೇ ಕಿಟಕಿ ಅಕ್ಕನ ಪಾಲಿಗೆ ಹೋಗಿ, ನಮ್ಮ ಪಾಲಿಗೆ ಹಗಲಲ್ಲೇ ಕತ್ತಲೆಯಾಯಿತು. "ಬೇಸಿಗೆಯಲ್ಲಿ ಗಾಳಿ ಎಲ್ಲಿಂದ ಬರಬೇಕು?" ಎಂದು ಅಮ್ಮ ಕೇಳಿದರು. ಬೀರು ಮತ್ತೆ ಕರಕರ ಎನ್ನುತ್ತ ಗೋಡೆ ಸೇರಿತು. ನನಗೆ ಒಳಗೊಳಗೇ ಖುಷಿ.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಅಪ್ಪ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದರು. ಅಮ್ಮ ಹಳೆಯ ಹೊದಿಕೆಯನ್ನು ಅದರ ಮೇಲೆ ಇಳಿಬಿಟ್ಟರು. ಅಕ್ಕ ಆಚೆ ಹೋದಳು. ನಾನು ಈಚೆ ಉಳಿದೆ. ಬಟ್ಟೆಯ ಹಿಂದೆ ಅವಳ ನೆರಳು ಬಗ್ಗಿ ಏನೋ ಬರೆಯುತ್ತಿತ್ತು. ಒಂದು ಸಲ ಬಟ್ಟೆ ಎತ್ತಿ ಇಣುಕಿದೆ. "ಹೋಗೋ" ಎಂದಳು. ಮತ್ತೆ ಇಣುಕಿದೆ. ಈ ಸಲ ತಲೆಯನ್ನೂ ಎತ್ತಲಿಲ್ಲ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೂಲು ಹತ್ತಿ ಮೊಳೆಯಿಂದ ಹಗ್ಗದ ಗಂಟು ಬಿಚ್ಚಿದೆ. ಹೊದಿಕೆ ದೊಪ್ಪೆಂದು ಅಕ್ಕನ ಮೇಲೆ ಬಿತ್ತು. ಶಾಯಿಯ ಬಾಟಲಿ ಉರುಳಿತು. ಒಂದು ವಾರ ಕೂತು ಅವಳು ಬರೆದಿದ್ದ ಭೂಗೋಳದ ನಕ್ಷೆಯ ಮೇಲೆ, ನದಿಗಳ ಮೇಲೆ, ಊರುಗಳ ಮೇಲೆ ನೀಲಿ ಹರಡಿಕೊಂಡಿತು. ಮರುದಿನವೇ ಅದನ್ನು ಶಾಲೆಯಲ್ಲಿ ಕೊಡಬೇಕಿತ್ತು.

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಒದ್ದೆಯಾದ ಕಾಗದದ ಎರಡು ತುದಿ ಹಿಡಿದುಕೊಂಡು ಅತ್ತಳು. ಅಕ್ಕ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನಾನೇ ಬಿಚ್ಚಿದ್ದು," ಎಂದೆ. "ನಿಂಗೆ ನಾನು ಬೇಡ ಅಲ್ವಾ?"

ಅವಳು ಶಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ನೀಲಿಯಾಯಿತು. "ನೀನು ಬೇಡ ಅಂದೆನೇನೋ? ಓದುವಾಗ ಮಾತ್ರ ಒಬ್ಬಳೇ ಇರಬೇಕು. ಪಾಸಾದ್ರೆ ಕಾಲೇಜು ಸೇರಬಹುದು. ನಮ್ಮ ಮನೇಲಿ ಇನ್ನೂ ಯಾರೂ ಹೋಗಿಲ್ಲ ಕಣೋ."

ಅಪ್ಪ ನನ್ನನ್ನು ಬೈಯಲಿಲ್ಲ. ವರಾಂಡಕ್ಕೆ ಕರೆದುಕೊಂಡು ಹೋದರು. ಬೇಸಿಗೆಯಲ್ಲಿ ಬಿಸಿಲು ತಡೆಯಲು ಇಳಿಬಿಡುವ ಚಿಕ್ ಅನ್ನು ಅಲ್ಲಿ ಸುತ್ತಿಟ್ಟಿದ್ದೆವು. ಚಿಕ್ ಎಂದರೆ ಬಿದಿರಿನ ಸಣ್ಣ ಕಡ್ಡಿಗಳನ್ನು ದಾರದಲ್ಲಿ ಹೆಣೆದ ಪರದೆ. "ಇದಾದ್ರೆ ಗಾಳಿ ಬೆಳಕು ಎರಡೂ ದಾಟುತ್ತೆ. ಹಿಡ್ಕೋ," ಎಂದರು. ಧೂಳಿನ ವಾಸನೆಯ ಆ ಸುರುಳಿಯ ಒಂದು ತುದಿ ನನ್ನ ಹೆಗಲ ಮೇಲೆ, ಇನ್ನೊಂದು ಅಪ್ಪನ ಕೈಯಲ್ಲಿ. ಚಾವಣಿಯ ಕೊಕ್ಕೆಗಳಿಗೆ ಅದನ್ನು ಕಟ್ಟುವಾಗ ಹಗ್ಗವನ್ನು ನಾನೇ ಎಳೆದು ಹಿಡಿದೆ. ಕಿಟಕಿಯ ಕಡೆ ಅಕ್ಕನಿಗೆ ಎಂದು ಹೇಳಿದವನೂ ನಾನೇ.

ಮಧ್ಯಾಹ್ನವೆಲ್ಲ ಅಕ್ಕ ಹೊಸ ಕಾಗದದ ಮೇಲೆ ನಕ್ಷೆ ಬರೆದಳು. ಕಡ್ಡಿಗಳ ಸಂದಿಯಿಂದ ಬಂದ ಬಿಸಿಲು ನನ್ನ ಕಾಲ ಮೇಲೆ ಗೆರೆಗೆರೆಯಾಗಿ ಬಿದ್ದಿತ್ತು. ಕೆಮ್ಮು ಬಂದಾಗ ಹೊರಗೆ ಓಡಿಹೋಗಿ ಕೆಮ್ಮಿ ಬಂದೆ. ಸಂಜೆ ಚಿಕ್ ಸರಸರನೆ ಮೇಲೆದ್ದಿತು. ಅಕ್ಕ ನಿಂತಿದ್ದಳು. "ಮುಗೀತು. ಬಾ, ಊರುಗಳ ಹೆಸರು ಸರಿಯಾಗಿದೆಯಾ ಓದು," ಎಂದಳು. ಅವಳು ಆ ವರ್ಷ ಪಾಸಾದಳು, ಕಾಲೇಜಿಗೂ ಹೋದಳು.

ಈಗ ದಿಲ್ಲಿಯಲ್ಲೇ ಪೀತಮ್‌ಪುರದ ನಮ್ಮ ಫ್ಲ್ಯಾಟಿನಲ್ಲಿ ಮೂರು ಬೆಡ್‌ರೂಮುಗಳಿವೆ. ಮೊಮ್ಮಕ್ಕಳಿಬ್ಬರ ರೂಮನ್ನು ಎರಡು ಮಾಡಬೇಕಂತೆ. ಹೋದ ವಾರ ಮೊಮ್ಮಗಳು ಫೋನಿನಲ್ಲಿ ಗಾಜಿನದು, ಮರದ ಪಟ್ಟಿಯದು, ಸರಿಯುವ ಬಾಗಿಲಿನದು ಎಂದು ನೂರಾರು ಬಗೆಯ ಅಡ್ಡಗೋಡೆ ತೋರಿಸಿದಳು. ನಮಗೆ ಇದ್ದದ್ದು ಬೀರು, ಹೊದಿಕೆ, ಚಿಕ್, ಅಷ್ಟೇ. ಮೊಮ್ಮಗ ಮಾತ್ರ ಸೋಫಾದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅವನನ್ನು ಹತ್ತಿರ ಕರೆದು ಇದನ್ನೆಲ್ಲ ಹೇಳಿದೆ.

"ಫಿರ್? ಆಮೇಲೆ ನಿಮ್ಮ ದೀದಿ ನಿಮ್ಮ ಜೊತೆ ಮಾತಾಡಿದ್ರಾ, ತಾತಾ?" ಎಂದು ಕೇಳಿದ.

"ಇವತ್ತು ಬೆಳಿಗ್ಗೆ ಕೂಡ ಮುಕ್ಕಾಲು ಗಂಟೆ ಮಾತಾಡಿದಳು," ಎಂದೆ.