ಕಣದಿಂದ ಎರಡು ಬೆರಳು ಮೇಲೆ

ಅಂಟಿಲ್ಲ, ಹಗ್ಗವಿಲ್ಲ, ಆದರೂ ಆ ಹಲಗೆ ನನ್ನ ಮಗಳ ಕಾಲಿಗೆ ಹತ್ತಿಕೊಂಡೇ ಮೇಲಕ್ಕೆ ಹಾರುತ್ತಿತ್ತು. ಅದು ಹೇಗೆ ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಅವಳ ಸೋದರಮಾವ ಕೊಡಿಸಿದ್ದ ಸ್ಕೇಟ್‌ಬೋರ್ಡು. ಕಿಬ್ಬನಹಳ್ಳಿ ರಸ್ತೆ ತುಂಬ ಲಾರಿ, ತೋಟದ ತುಂಬ ಮಣ್ಣು. ನುಣ್ಣಗಿನ ಸಿಮೆಂಟು ಇದ್ದದ್ದು ಮನೆ ಮುಂದೆ ಕೊಬ್ಬರಿ ಹರಡುವ ಕಣದಲ್ಲಿ ಮಾತ್ರ. ಅವಳು ಸ್ಕೂಲಿಗೆ ಹೋದ ಮೇಲೆ ಹಲಗೆಯನ್ನು ಬೋರಲು ಹಾಕಿದೆ, ಚಕ್ರ ತಿರುಗಿಸಿದೆ, ಒಳಗೆ ಕೊಬ್ಬರಿ ಕಳಚಿದೆಯಾ ಅಂತ ಕಾಯಿ ಅಲ್ಲಾಡಿಸಿ ನೋಡುವ ಹಾಗೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ. ಥೂ, ಏನೂ ಗೊತ್ತಾಗಲಿಲ್ಲ.

"ಬರೀ ನೋಡಿದ್ರೆ ಗೊತ್ತಾಗಲ್ಲ ಕಣಪ್ಪ, ಹತ್ತು," ಅಂದಳು ಮಗಳು.

ಹತ್ತೋದೇನೋ ಹತ್ತಿದೆ. ಹಾರುವುದೇ ನನಗಾಗದ ಕೆಲಸ. ಹಿಂದಿನ ವರ್ಷ ಕೊಬ್ಬರಿ ಅಟ್ಟದಿಂದ ಇಳಿಯುವಾಗ ಏಣಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದೆ, ಕೆಳಗೆ ಕಾಯಿ ಆರಿಸುತ್ತಿದ್ದ ಅವ್ವನ ಕಣ್ಣೆದುರಿಗೇ. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಓಡಿ, ಹಾರಿ, ಏನು ಬೇಕಾದರೂ ಮಾಡಿ ಅಂತ ತಿಪಟೂರಿನ ಡಾಕ್ಟರು ಹೇಳಿ ಎಷ್ಟೋ ತಿಂಗಳಾಗಿತ್ತು. ಆದರೆ ಎರಡೂ ಪಾದ ಒಟ್ಟಿಗೆ ನೆಲ ಬಿಡಬೇಕು ಅಂದರೆ ನನ್ನಿಂದ ಆಗುತ್ತಿರಲಿಲ್ಲ. ತೋಟದ ಸಣ್ಣ ಕಾಲುವೆಯನ್ನೂ ಒಂದೊಂದೇ ಕಾಲಿಟ್ಟು ದಾಟುತ್ತಿದ್ದೆ. ಅಟ್ಟಕ್ಕೆ ಹೆಂಡತಿ ಹತ್ತುತ್ತಿದ್ದಳು. ನಾಚಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಮಗಳು ಹೇಳಿಕೊಟ್ಟಳು. "ಹಿಂದಿನ ಕಾಲಲ್ಲಿ ಬಾಲ, ಅಂದ್ರೆ ಹಲಗೆ ಹಿಂದಿನ ತುದಿ, ತುಳಿ. ತಕ್ಷಣ ಮೇಲಕ್ಕೆ ಹಾರಿ, ಮುಂದಿನ ಕಾಲನ್ನ ಹಲಗೆ ಮೇಲೆ ಉಜ್ಜಿಕೊಂಡು ಮುಂದಕ್ಕೆ ತಗೊಂಡೋಗು." ಇದಕ್ಕೆ ಆಲಿ ಅಂತ ಹೆಸರಂತೆ, ಆಟದ ಮೊದಲನೇ ಪಾಠವಂತೆ.

ಇಲ್ಲೇ ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ಕಣದ ಮೇಲೆ ನಾವು ಚಪ್ಪಲಿ ಮೆಟ್ಟುವುದಿಲ್ಲ, ತಿನ್ನುವ ಪದಾರ್ಥ ಹರಡುವ ಜಾಗ. ಎಂಥಾ ದೊಡ್ಡ ಸಾಹೇಬ ಬಂದರೂ ಅವ್ವ ಅಂಚಿನಲ್ಲೇ ಬೂಟು ಬಿಚ್ಚಿಸುವವಳು. ಮಗಳು ಎರಡೆರಡು ಜೊತೆ ಕಾಲುಚೀಲ ತೊಟ್ಟು ಉಪಾಯ ಮಾಡಿಕೊಂಡಿದ್ದಳು. ನಾನು ಬರಿಗಾಲಲ್ಲಿ ನಿಂತೆ. ಹಲಗೆಯ ಮೇಲೆ ಅಂಟಿಸಿರುವುದು ಮರ ಉಜ್ಜುವ ಉಪ್ಪುಕಾಗದದಂಥದ್ದು. ನಾಲ್ಕು ಸಲ ಉಜ್ಜುವಷ್ಟರಲ್ಲಿ ಕಿರುಬೆರಳ ಪಕ್ಕದ ಚರ್ಮ ಕಿತ್ತುಬಂತು. ಒಳಗೊಳಗೇ ಖುಷಿಯಾಯಿತು ನೋಡಿ, ಹಾರದೇ ಇರುವುದಕ್ಕೆ ಒಳ್ಳೇ ನೆಪ ಸಿಕ್ಕಿತಲ್ಲ! ಬಾಲ ತುಳಿಯುವುದು, ಹಲಗೆಯ ಮೂತಿ ಎದ್ದ ತಕ್ಷಣ ಒಂದು ಕಾಲು ನೆಲಕ್ಕೂರುವುದು, "ಉರಿ ಕಣಮ್ಮ" ಅಂತ ಕುಂಟುವುದು. ವಾರವಿಡೀ ಇದೇ ನಾಟಕ.

ಜಗಲಿಯಲ್ಲಿ ಕೂತ ಅವ್ವ ಹಲಗೆಯನ್ನೂ ಅದನ್ನು ಕೊಡಿಸಿದವನನ್ನೂ ಸೇರಿಸಿ ಬೈಯುತ್ತಿದ್ದಳು. ಒಂದು ಸಂಜೆ ಕಣದ ಮೇಲೆ ರಕ್ತದ ಚುಕ್ಕಿ ಕಂಡಿರಬೇಕು. ಮಾರನೆಯ ದಿನ ನನ್ನ ಕ್ಯಾನ್ವಾಸ್ ಬೂಟು ತಂದು ಮುಂದಿಟ್ಟಳು. ಅಡಿಯ ಅಟ್ಟೆ ತೊಳೆದು ಒಣಗಿಸಿದ್ದಳು.

"ಹಾಕ್ಕಳ್ಳಾ."

"ಕಣದ ಮೇಲಾ ಅವ್ವ?"

"ಕಣ ತೊಳೆದ್ರೆ ಹೋಯ್ತದೆ. ಏಣಿ ಕಂಡ್ರೆ ನೀನು ಮುಖ ತಿರುಗಿಸ್ಕಂಡು ಹೋಗೋದನ್ನ ಇನ್ನೆಷ್ಟು ದಿನ ನೋಡ್ಲಿ ಕಣ್ಲಾ?"

ಇದು ಅವ್ವನ ಕಣ್ಣಿಗೆ ಬಿದ್ದಿಲ್ಲ ಅಂದುಕೊಂಡಿದ್ದೆ.

ಬೂಟಿನ ದಾರ ಕಟ್ಟಿ ನಿಂತೆ. ಇನ್ನು ನೆಪ ಇರಲಿಲ್ಲ. ಮೂರು ಸಲ ಮತ್ತೆ ಕಾಲೂರಿದೆ. ನನ್ನ ಮೇಲೇ ಸಿಟ್ಟು ಬಂತು, ಸಾಯಲಿ ಅತ್ಲಾಗೆ ಅಂತ ತುಳಿದೆ. ಟಕ್ ಅಂತು. ಬಾಲ ನೆಲಕ್ಕೆ ಬಡಿಯಿತು, ಮೂತಿ ಎದ್ದಿತು, ಉಜ್ಜಿದ ಕಾಲಿನ ಹಿಂದೆಯೇ ಹಲಗೆ ಬಂತು. ಆಗ ತಿಳಿಯಿತು, ಅದು ಕಾಲಿಗೆ ಹತ್ತಿಕೊಂಡಿರುವುದೇ ಇಲ್ಲ. ನಾವು ಮೊದಲು ನೆಲ ಬಿಟ್ಟರೆ ತಾನೂ ಹಿಂದೆ ಬರುತ್ತದೆ. ಅಷ್ಟು ಯೋಚಿಸುವಷ್ಟರಲ್ಲಿ ನಾಲ್ಕೂ ಚಕ್ರ ಕಣಕ್ಕೆ ಬಡಿದವು, ನಾನು ಹಲಗೆಯ ಮೇಲೇ ನಿಂತಿದ್ದೆ. ಮಗಳು ಕಿರುಚಿದಳು.

ಜಗಲಿ ಕಡೆ ತಿರುಗಿದೆ. ಅವ್ವ ಸೆರಗು ಬಾಯಿಗೊತ್ತಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು.

"ಹಾರಿದ್ಯೇನ್ಲಾ?"

"ಹಾರಿದೆ ಅವ್ವ."

"ಎಷ್ಟೆತ್ತರ?"

"ಎರಡು ಬೆರಳು."

"ಇಳಿದ್ಯಾ?"

"ಇಳಿದೆ."

"ಸಾಕು ಬುಡು," ಅಂತ ಅವ್ವ ಕಣ್ಣು ತೆರೆದಳು.