ಗ್ಯಾರೇಜಿಗೊಂದು ಹೊಸ್ತಿಲು

ಒಂದು ಗ್ಯಾರೇಜಿನ ಬಾಗಿಲಿಗೆ ಒಂಬತ್ತು ಸಾವಿರ ರೂಪಾಯಿ ಸುರಿದಿದ್ದೇನೆ. ನನ್ನ ಬಳಿ ಕಾರಿಲ್ಲ, ಗ್ಯಾರೇಜೂ ನನ್ನದಲ್ಲ. ನಮ್ಮೂರು ಗುಳೇದಗುಡ್ಡದಲ್ಲಿ ಇದನ್ನು ಓದುವವರು ‘ಬೆಂಗಳೂರಿಗೆ ಹೋಗಿ ಇಕಿಗೆ ತಲಿ ಕೆಟ್ಟೈತಿ’ ಎನ್ನಬಹುದು. ಎನ್ನಲಿ. ಖರ್ಚು ಮಾಡಿದ್ದು ಒಂದು ಬೂದುಗುಂಬಳಕಾಯಿಯ ಸಿಟ್ಟಿಗೆ, ಮತ್ತು ಅದರಲ್ಲಿ ಒಂದು ಪೈಸೆಯೂ ದಂಡವಾಗಿಲ್ಲ.

ಬೆಂಗಳೂರಿನ ವಿಜಯನಗರದಲ್ಲಿ ನಾನಿರುವುದು ಗ್ಯಾರೇಜಿನೊಳಗೆ. ಗಾಬರಿಯಾಗಬೇಡಿ. ಕಾರಿಗೆಂದು ಕಟ್ಟಿಸಿದ ಕೋಣೆಗೆ ಹಿಂದೊಂದು ಬಚ್ಚಲು, ಮೂಲೆಯಲ್ಲೊಂದು ಅಡುಗೆಕಟ್ಟೆ ಕೂಡಿಸಿ ಬಾಡಿಗೆಗೆ ಕೊಡುವುದು ಇಲ್ಲಿ ಉಂಟು. ಕಾರು ಬೀದಿಯಲ್ಲಿ ಮಲಗುತ್ತದೆ, ಮನುಷ್ಯರು ಗ್ಯಾರೇಜಿನಲ್ಲಿ. ಊರಿಂದ ಖಣ ತರಿಸಿ, ರವಿಕೆ ಹೊಲಿದು ಮಾರುವ ನನ್ನಂಥವಳಿಗೆ ಒಳ್ಳೆಯ ಜಾಗವೇ: ಬೀದಿಗೆ ಮುಖ, ಮೆಟ್ಟಿಲು ಹತ್ತುವ ಗೋಜಿಲ್ಲ, ಬಾಡಿಗೆಯೂ ನನ್ನ ಚೌಕಾಸಿಗೆ ಬಗ್ಗಿತು. ಆದರೆ ಬಾಗಿಲೆಂಬುದು ನಾಲ್ಕು ಮಡಿಕೆಯ ತಗಡು. ಬೂದು ಬಣ್ಣ, ತಳದಲ್ಲಿ ತುಕ್ಕು. ಗಾಲಿ ಉರುಳಲೆಂದು ಮುಂದೆ ಇಳಿಜಾರು. ಹೊಸ್ತಿಲಂತೂ ಇಲ್ಲವೇ ಇಲ್ಲ.

ನಮ್ಮೂರ ಓಣಿಯಲ್ಲಿ ಹಾದುಹೋಗುವವರು ಹೊಸ್ತಿಲಾಚೆ ನಿಂತು ‘ಊಟ ಆತೇನ್ರಿ’ ಎಂದು ಕೇಳಿಯೇ ಮುಂದೆ ಹೋಗುವುದು. ಇಲ್ಲಿ ಓಣಿಗೆ ಕ್ರಾಸ್ ಎನ್ನುತ್ತಾರೆ. ಈ ಕ್ರಾಸಿನಲ್ಲಿ ನನ್ನ ಬಾಗಿಲ ಮುಂದೆ ನಿಲ್ಲುತ್ತಿದ್ದದ್ದು ಎದುರುಮನೆ ಕಿರಣನ ಬಿಳಿ ಕಾರು. ತೆಗೆಯಪ್ಪಾ ಎಂದರೆ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಆಂಟಿ.” ಬೆಂಗಳೂರು ಕನ್ನಡದಲ್ಲಿ ನಾನು ಮೊದಲು ಕಲಿತ ಪದ ಇದು. ಅರ್ಥ: ಅನುಕೂಲ ನನ್ನದು, ತಾಳ್ಮೆ ನಿಮ್ಮದು. ಬಟ್ಟೆಗಂಟು ಎದೆಗವಚಿಕೊಂಡು ಓರೆಯಾಗಿ ನುಸುಳುತ್ತಿದ್ದೆ.

ಆಯುಧಪೂಜೆಯ ದಿನ ಕಾರಿಗೆ ಬಾಳೆಕಂದು ಕಟ್ಟಿ, ಆರತಿ ಎತ್ತಿ, ದೃಷ್ಟಿ ತೆಗೆದ ಕುಂಬಳಕಾಯಿಯನ್ನು ಕಿರಣ ನನ್ನ ಬಾಗಿಲೆದುರಿಗೇ ಅಪ್ಪಳಿಸಿದ. ಕುಂಕುಮದ ತಿರುಳು ತಗಡಿಗೆ ಸಿಡಿಯಿತು. ಮಂದಿಯ ಕೆಟ್ಟ ಕಣ್ಣನ್ನೆಲ್ಲ ಹೊತ್ತ ಕಾಯಿ ಅದು. ಇನ್ನೊಬ್ಬರ ಮನೆಬಾಗಿಲಿಗೆ ಅದನ್ನು ಯಾರೂ ಒಡೆಯುವುದಿಲ್ಲ, ನಮ್ಮೂರಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಕೇಳಿಯೇಬಿಟ್ಟೆ.

“ಯಾರ ಮನೆ ಮುಂದೇನೂ ಒಡೀಲಿಲ್ವಲ್ಲ ಆಂಟಿ,” ಅಂದ ಕಿರಣ. ಕೊಂಕಿರಲಿಲ್ಲ, ನಿಜವಾಗಿ ಅಚ್ಚರಿಪಟ್ಟಿದ್ದ. “ಇದು ಗ್ಯಾರೇಜ್ ತಾನೆ?”

ಬೈದಿದ್ದರೆ ಬೈದು ಮುಗಿಸುತ್ತಿದ್ದೆ. ಆ ಅಚ್ಚರಿಗೆ ಬೈಗುಳ ಸಾಲದು. ದೀಪಾವಳಿ ಅಮಾವಾಸ್ಯೆಗೆ ಇವನು ಮತ್ತೆ ಕಾಯಿ ಹಿಡಿದು ಬರುತ್ತಾನೆ, ಅಷ್ಟರಲ್ಲಿ ಇದು ಮನೆಯಾಗಬೇಕು ಎಂದು ಹಟ ತೊಟ್ಟೆ.

ಮಹಡಿ ಮೇಲಿರುವ ಮಾಲೀಕರು ಶಿವಣ್ಣನವರು. ಬಣ್ಣಕ್ಕೆ ಒಪ್ಪಿದರು, ಖರ್ಚು ನನ್ನದಾದ್ದರಿಂದ. ಹೊಸ್ತಿಲೆಂದ ಕೂಡಲೇ ಕುರ್ಚಿಯಲ್ಲಿ ನೆಟ್ಟಗಾದರು.

“ಗ್ಯಾರೇಜಿಗೆ ಹೊಸ್ತಿಲಾ? ನಾಳೆ ನನ್ ಮಗ ಕಾರ್ ತಗೊಂಡ್ರೆ ಹಾರಿಸ್ಕೊಂಡು ಬರ್ಬೇಕಾ?”

“ಸ್ಕ್ರೂ ಹಾಕಸ್ತೀನ್ರಿ. ಕಾರ್ ಬಂದ ದಿನ ಬಿಚ್ಕೊಂಡ್ ಹೋಗ್ತೀನಿ. ಕಟ್ಟಿಗಿ ನಂದು, ಗ್ಯಾರೇಜ್ ನಿಮ್ದು.”

“ಮಾತಲ್ಲಿ ನಿಮ್ಮನ್ನ ಗೆಲ್ಲೋಕಾಗಲ್ಲ ಬಿಡಿ,” ಎಂದು ನಕ್ಕರು. ಇಂಥ ನಗುವನ್ನು ಒಪ್ಪಿಗೆಯೆಂದೇ ಹಿಡಿದು ಎದ್ದು ಬರಬೇಕು. ಕೂತರೆ ಮನಸ್ಸು ಬದಲಾಗುತ್ತದೆ.

ಪೇಂಟರ್ ನಾಗರಾಜ ಬಂದವನೇ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. “ಮೇಲೊಂದ್ ಕೋಟ್ ಹೊಡುದ್ರೆ ಫಸ್ಟ್ ಕ್ಲಾಸ್ ಆಂಟಿ.”

“ಕೊಳೆ ಮೈಮ್ಯಾಲ ಹೊಸ ಸೀರಿ ಉಡ್ತಾರೇನಪ್ಪಾ? ಮೊದಲು ಕೆರಿ.”

ತಂತಿಬ್ರಷ್ಷಿನಿಂದ ತುಕ್ಕು ಕೆರೆಸಿದೆ, ಉಪ್ಪುಕಾಗದದಿಂದ ಉಜ್ಜಿಸಿದೆ. ಹೊಲಿಗೆ ಬಿಟ್ಟು ಅವನ ಪಕ್ಕದಲ್ಲೇ ಕೂತಿದ್ದೆ, ನಾನೆದ್ದರೆ ಅವನ ಕೈ ನಿಲ್ಲುತ್ತಿತ್ತು. ಬಣ್ಣಕ್ಕೆ ಬೆರೆಸುವ ಥಿನ್ನರಿನ ಸೀಮೆಎಣ್ಣೆಯಂಥ ವಾಸನೆ ರೊಟ್ಟಿಗೂ ಹತ್ತಿತು. ತುಕ್ಕು ತಡೆಯುವ ಕೆಂಪು ಪ್ರೈಮರ್ ಒಣಗುವಷ್ಟರಲ್ಲಿ ಮಳೆ ಬಂದು ಒಂದು ಮಡಿಕೆಯನ್ನು ಮತ್ತೆ ಕೆರೆಯಬೇಕಾಯಿತು. ಆಮೇಲೆ ಬಣ್ಣ: ಗಿಳಿಹಸಿರು, ಅಂಚಿಗೆ ಕೆಂಪು. ಶಿವಣ್ಣನವರು ಮೇಲಿಂದ ಬಗ್ಗಿ ನೋಡಿದರು.

“ಏನಮ್ಮಾ, ಬಾಗ್ಲು ರವಿಕೆ ಥರ ಕಾಣುತ್ತಲ್ಲಾ?”

“ಮಾನ ಮುಚ್ಚೂದ್ರಾಗ ಎರಡೂ ಒಂದ ರೀ!”

ಹೊಸ್ತಿಲಿಗೆ ನಾಯಂಡಹಳ್ಳಿಗೆ ಹೋದೆ. ಕೆಡವಿದ ಮನೆಗಳ ಮರಮುಟ್ಟು ಮಾರುವ ಗೋಡೌನೊಂದಿದೆ ಅಲ್ಲಿ. ಬಾಗಿಲು, ಕಿಟಕಿ, ತೊಲೆ ಎಲ್ಲ ರಾಶಿ ಬಿದ್ದಿದ್ದವು. ಆ ರಾಶಿಯೊಳಗೊಂದು ತೇಗದ ಹೊಸ್ತಿಲು, ನಡು ಸವೆದು ತಗ್ಗಾಗಿತ್ತು. ಸವೆದದ್ದನ್ನೇ ತೋರಿಸಿ ಅರ್ಧ ಬೆಲೆಗೆ ಇಳಿಸಿದೆ. ಮನೆಗೆ ತಂದು ಒರೆಸುವಾಗ ಬಿರುಕಿನಲ್ಲಿ ಹಳದಿ ಕಂಡಿತು, ಅರಿಶಿನ. ಯಾವ ಹೆಣ್ಣುಮಗಳು ಎಷ್ಟು ವರ್ಷ ಹಚ್ಚಿದ್ದೋ! ಈ ಊರಿನ ಮೂಲದವಳೇ ಇರಬೇಕು. ಅವಳ ಹೊಸ್ತಿಲೂ ನನ್ನ ಹಾಗೆಯೇ ಜಾಗ ಹುಡುಕಿಕೊಂಡು ಹೊರಟಿತ್ತು. ನಾಲ್ಕು ಸ್ಕ್ರೂ ಹಾಕಿಸಿ ಬಾಗಿಲಿಗೆ ಕೂರಿಸಿದ ಮೇಲೆ, ಬಿರುಕಿನ ಅರಿಶಿನವನ್ನು ತೆಗೆಯದೆ ಅದರ ಮೇಲೆಯೇ ನನ್ನದನ್ನು ಹಚ್ಚಿದೆ.

ಅಮಾವಾಸ್ಯೆಯ ಸಂಜೆ ಕಾರು ಅದೇ ಜಾಗದಲ್ಲಿತ್ತು. ಉರಿಯುವ ಕರ್ಪೂರ ಹೊತ್ತ ಕಾಯಿಯನ್ನು ಕಾರಿಗೆ ನಿವಾಳಿಸಿ ಕಿರಣ ಕೈಯೆತ್ತಿದ. ನಾನು ಹೊಸ್ತಿಲಿಗೆ ದೀಪವಿಟ್ಟು ಒಳಗೆ ನಿಂತಿದ್ದೆ. ಬಾಯಿ ತೆರೆದಿದ್ದು ಎದುರು ಬಾಲ್ಕನಿಯಲ್ಲಿದ್ದ ಅವನ ತಾಯಿ.

“ಲೋ ಕಿರಣಾ! ಬುದ್ಧಿ ಇದ್ಯೇನೋ? ಹೊಸ್ತಿಲಿಗೆ ದೀಪ ಇಟ್ಟಿರೋ ಮನೆ ಮುಂದೆ ಒಡೀತೀಯಾ?”

ಮನೆ. ಅವರ ಬಾಯಿಂದಲೇ ಬಂತು.

ಎತ್ತಿದ ಕೈ ಹಾಗೇ ನಿಂತಿತು. “ಆಂಟಿ, ಒಂದ್ನಿಮಿಷ ಈ ಕಾಯಿ ಹಿಡ್ಕೊಳಿ, ಗಾಡಿ ತೆಗೀತೀನಿ.”

“ನಿನ್ ಕಾರಿನ ದೃಷ್ಟಿ ನಾ ಹಿಡಿಯಂಗಿಲ್ಲೋ ತಮ್ಮಾ. ನೆಲಕ್ಕಿಡು. ಸ್ವಲ್ಪ ಅಡ್ಜಸ್ಟ್ ಮಾಡ್ಕೊ.”

ತಾಯಿ ಬಾಲ್ಕನಿಯಲ್ಲಿ ನಗುತ್ತಿದ್ದರು. ಕಾರು ಅಂದಿನಿಂದ ಎದುರು ಬದಿಗೆ ನಿಲ್ಲುತ್ತದೆ.

ಊರಿಗೆ ಹೋದರೆ ತಂಗಿ ‘ಬೆಂಗಳೂರಾಕಿ ಬಂದ್ಲು’ ಎನ್ನುತ್ತಾಳೆ. ಇಲ್ಲಿ ನಾನು ಇನ್ನೂ ‘ಆ ಕಡೆಯೋರು’. ಎರಡಕ್ಕೂ ಓಗೊಡುತ್ತೇನೆ, ಎರಡನ್ನೂ ಪೂರ್ತಿ ಒಪ್ಪುವುದಿಲ್ಲ.

ನೀವೂ ಹೀಗೆ ಹೊರಟುಬಂದು ಇಂಥ ಬಾಗಿಲ ಹಿಂದೆ ಬದುಕುವವರಾದರೆ ನನ್ನ ಮಾತು ಕೇಳಿ. ಮಳೆಗಾಲ ಪೂರ್ತಿ ಮುಗಿಯಲಿ, ನನ್ನಂತೆ ಅವಸರ ಬೇಡ. ತುಕ್ಕಿನ ಮೇಲೆ ಬಣ್ಣ ಹೊಡೆಸಬೇಡಿ, ಕೂಲಿಯನ್ನು ಕೆರೆಯುವ ಮೊದಲೇ ಮಾತಾಡಿಕೊಳ್ಳಿ, ಬಣ್ಣದ ಡಬ್ಬಿ ನೀವೇ ತನ್ನಿ. ಅಡ್ಜಸ್ಟ್ ಎಂದವರಿಗೆ ಒಮ್ಮೆ ತಲೆಯಾಡಿಸಿ, ಎರಡನೇ ಸಲ ಬೇಡ. ಹೊಸ್ತಿಲಂತೂ ಹಾಕಿಸಿ, ಯಾರು ಏನೇ ಅನ್ನಲಿ. ಸಿಮೆಂಟಿನಲ್ಲಿ ಮಾತ್ರ ಹೂಳಬೇಡಿ. ನಾಲ್ಕು ಸ್ಕ್ರೂ ಸಾಕು. ಬಿಚ್ಚುವ ಸ್ಕ್ರೂಡ್ರೈವರ್ ಮನೆಯಲ್ಲೇ ಇಟ್ಟುಕೊಂಡಿರಿ.